ಗಣಕಕ್ಕೆ ಮಾತು ಕಲಿಸಿದ ಗ್ರೇಸ್ ಹಾಪರ್

ಏಳು ವರ್ಷದ ಬಾಲಕಿಯೊಬ್ಬಳಿಗೆ ಅಲಾರಂ ಗಡಿಯಾರದೊಳಗೆ ಏನಿದೆ ಎಂದು ತಿಳಿಯುವ ಆಸೆಯಾಯಿತು. ಅವಳು ಒಂದು ಗಡಿಯಾರವನ್ನು ಬಿಚ್ಚಿದಳು. ಹಲ್ಲಿನ ಚಕ್ರಗಳೂ ಸುರುಳಿಗಳೂ ಚೆಲ್ಲಾಪಿಲ್ಲಿಯಾದುವು. ಮರಳಿ ಜೋಡಿಸುವ ಬಗೆ ತೋಚಲಿಲ್ಲ. ಹೇಗೆ ಜೋಡಿಸಬೇಕೆಂದು ತಿಳಿಯಲು ಎರಡನೆಯದನ್ನು ಬಿಚ್ಚಿದಳು, ಆಮೇಲೆ ಮೂರನೆಯದನ್ನು. ತಾಯಿಯ ಕಣ್ಣಿಗೆ ಬೀಳುವ ಹೊತ್ತಿಗೆ ಮನೆಯಲ್ಲಿದ್ದ ಏಳು ಗಡಿಯಾರಗಳೂ ಬಿಡಿ ಭಾಗಗಳಾಗಿ ಹರಡಿಕೊಂಡಿದ್ದುವು. ತಾಯಿ ಗದರಿಸಿ ಕೈ ಕಟ್ಟಿಹಾಕಲಿಲ್ಲ. ಇನ್ನು ಮುಂದೆ ಬಿಚ್ಚಲು ಒಂದೇ ಗಡಿಯಾರವೆಂದು ಕಟ್ಟಳೆ ಮಾಡಿದರು, ಅಷ್ಟೆ.

ಆ ಬಾಲಕಿಯೇ ಮುಂದೆ ಗಣಕಯಂತ್ರಗಳ ಚರಿತ್ರೆಯಲ್ಲಿ ಹೆಸರಾದ ಗ್ರೇಸ್ ಮರ್ರೆ ಹಾಪರ್. ಅವರು 1906ರ ಡಿಸೆಂಬರ್ 9ರಂದು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ತಂದೆ ವಿಮಾ ವ್ಯವಹಾರ ನಡೆಸುತ್ತಿದ್ದವರು. ರಕ್ತನಾಳಗಳ ರೋಗದಿಂದ ಎರಡು ಕಾಲುಗಳನ್ನೂ ಕಳೆದುಕೊಂಡ ಅವರು, ಹೆಣ್ಣುಮಕ್ಕಳೂ ಗಂಡುಮಗನಂತೆಯೇ ಓದಿ ತಮ್ಮ ಕಾಲ ಮೇಲೆ ತಾವು ನಿಲ್ಲಬೇಕೆಂದು ಬಯಸಿದರು. ತಾಯಿಗೆ ಗಣಿತದಲ್ಲಿ ಪ್ರೀತಿ. ಆದರೆ ಆಕೆಯ ಕಾಲದಲ್ಲಿ ಹುಡುಗಿಯರಿಗೆ ಆ ದಾರಿ ತೆರೆದಿರಲಿಲ್ಲ. ತಾಯಿಯ ತಂದೆ ನಗರದ ಎಂಜಿನಿಯರ್. ರಸ್ತೆಗಳ ಅಳತೆಗೆ ಹೋಗುವಾಗ ಅವರು ಮೊಮ್ಮಗಳನ್ನೂ ಕರೆದೊಯ್ದು, ಕೆಂಪು ಬಿಳಿ ಪಟ್ಟಿಯ ಅಳತೆಗೋಲನ್ನು ಹಿಡಿದು ನಿಲ್ಲುವ ಕೆಲಸವನ್ನು ಅವಳಿಗೆ ಕೊಡುತ್ತಿದ್ದರು.

ವಾಸರ್ ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ಗ್ರೇಸ್ ಮೊದಲ ಸಲ ಲ್ಯಾಟಿನ್ ಭಾಷೆಯಲ್ಲಿ ಅನುತ್ತೀರ್ಣರಾದರು. ಒಂದು ವರ್ಷ ಕಾದು ಮರಳಿ ಯತ್ನಿಸಿ ಪ್ರವೇಶ ಪಡೆದರು. 1928ರಲ್ಲಿ ಗಣಿತ ಮತ್ತು ಭೌತಶಾಸ್ತ್ರಗಳಲ್ಲಿ ಪದವಿ, 1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಡಾಕ್ಟರೇಟ್ ದೊರೆತುವು. ಈ ನಡುವೆ ತಾವು ಓದಿದ ವಾಸರ್ ಕಾಲೇಜಿನಲ್ಲಿಯೇ ಅಧ್ಯಾಪಕಿಯಾದರು. ಎರಡನೆಯ ಮಹಾಯುದ್ಧ ಬಾರದೆ ಇದ್ದಿದ್ದರೆ ಅವರ ಬಾಳು ಕರಿಹಲಗೆಯ ಮುಂದೆಯೇ ಸವೆದುಹೋಗುತ್ತಿತ್ತೋ ಏನೋ.

ಯುದ್ಧ ಬಂದಿತು. ಗ್ರೇಸ್ ನೌಕಾದಳ ಸೇರಲು ಬಯಸಿದರು. ವಯಸ್ಸು ಮೂವತ್ತೇಳರ ಸಮೀಪದಲ್ಲಿತ್ತು. ದೇಹದ ತೂಕವಾದರೋ ನಿಯಮಕ್ಕಿಂತ ಬಹಳ ಕಡಿಮೆ. ಗಣಿತದ ಅಧ್ಯಾಪಕಿಯಾಗಿ ಕಾಲೇಜಿನಲ್ಲಿದ್ದುಕೊಂಡೇ ದೇಶಸೇವೆ ಮಾಡಬಹುದೆಂದು ಅಧಿಕಾರಿಗಳು ತಿಳಿಸಿದರು. ಅವರು ಒಪ್ಪಲಿಲ್ಲ. ವಿಶೇಷ ಅನುಮತಿ ಪಡೆದು 1943ರ ಡಿಸೆಂಬರಿನಲ್ಲಿ ನೌಕಾದಳದ ಮೀಸಲು ಪಡೆಗೆ ಸೇರಿದರು. ತರಬೇತಿಯಲ್ಲಿ ತಮಗಿಂತ ಬಹು ಕಿರಿಯರಾದವರ ನಡುವೆ ಮೊದಲಿಗರಾಗಿ ತೇರ್ಗಡೆ ಹೊಂದಿದರು. 1944ರ ಜುಲೈ 2ರಂದು ಅವರಿಗೆ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಕೆಲಸ ಗೊತ್ತಾಯಿತು. ಅಲ್ಲಿ ಅವರಿಗಾಗಿ ಕಾದಿದ್ದುದು ಹಡಗಲ್ಲ, ಮಾರ್ಕ್–1 ಎಂಬ ಲೆಕ್ಕದ ಯಂತ್ರ.

ಐವತ್ತೊಂದು ಅಡಿ ಉದ್ದ, ಎಂಟು ಅಡಿ ಎತ್ತರದ ಆ ಯಂತ್ರದಲ್ಲಿ ಏಳೂವರೆ ಲಕ್ಷಕ್ಕೂ ಹೆಚ್ಚು ಬಿಡಿ ಭಾಗಗಳಿದ್ದುವು. ಸೆಕೆಂಡಿಗೆ ಮೂರು ಕೂಡುವ ಲೆಕ್ಕಗಳನ್ನು ಮಾಡುವುದು ಆ ದಿನಗಳಲ್ಲಿ ಒಂದು ಅದ್ಭುತ. ಏನು ಮಾಡಬೇಕೆಂಬ ಆಜ್ಞೆಗಳನ್ನು ಕಾಗದದ ಪಟ್ಟಿಯಲ್ಲಿ ರಂಧ್ರಗಳಾಗಿ ಕೊರೆದು ಅದಕ್ಕೆ ಉಣಿಸಬೇಕಾಗಿತ್ತು. ಪ್ರಯೋಗಾಲಯದ ಮುಖ್ಯಸ್ಥ ಹೊವಾರ್ಡ್ ಐಕನ್ ಬಿರುಸಿನ ಮನುಷ್ಯ. ಗ್ರೇಸ್ ಬಂದ ದಿನವೇ ಅವರ ಕೈಗೆ ಒಂದು ಕಠಿನ ಲೆಕ್ಕವನ್ನೂ ಅತಿ ಕಡಿಮೆ ಅವಧಿಯನ್ನೂ ಕೊಟ್ಟರು. ಯಂತ್ರದ ಪರಿಚಯವೇ ಇಲ್ಲದಿದ್ದ ಗ್ರೇಸ್ ಅದನ್ನು ಕಲಿತರು. ಎರಡು ವರ್ಷಗಳಲ್ಲಿ ಆ ಯಂತ್ರದ ಬಳಕೆಯ ಬಗೆಗೆ ಐನೂರಕ್ಕೂ ಹೆಚ್ಚು ಪುಟಗಳ ಕೈಪಿಡಿ ಅವರ ಶ್ರಮದಿಂದ ಸಿದ್ಧವಾಯಿತು.

ಈ ಪ್ರಯೋಗಾಲಯದ ಒಂದು ಘಟನೆ ಜಗತ್ತಿನಲ್ಲೆಲ್ಲ ಪ್ರಸಿದ್ಧ. ಮುಂದಿನ ಯಂತ್ರವಾದ ಮಾರ್ಕ್–2, 1947ರ ಸೆಪ್ಟೆಂಬರ್ 9ರಂದು ತಪ್ಪು ಮಾಡತೊಡಗಿತು. ಹುಡುಕಿ ನೋಡಲಾಗಿ ಒಂದು ರಿಲೇಯೊಳಗೆ ಪತಂಗದ ಹುಳು ಸಿಕ್ಕಿಕೊಂಡು ಸತ್ತಿತ್ತು. ಯಂತ್ರ ನಡೆಸುತ್ತಿದ್ದವರು ಅದನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿ, ನಿಜವಾದ ಹುಳುವೇ ಸಿಕ್ಕಿತೆಂದು ಪಕ್ಕದಲ್ಲಿ ಬರೆದಿಟ್ಟರು. ಯಂತ್ರದ ದೋಷಕ್ಕೆ ಬಗ್, ಎಂದರೆ ಹುಳು, ಎನ್ನುವ ರೂಢಿ ಅಂದೇ ಹುಟ್ಟಿತೆಂದೂ ಹುಳುವನ್ನು ಹಿಡಿದವರು ಗ್ರೇಸ್ ಎಂದೂ ಹಲವರು ಬರೆಯುವುದುಂಟು. ಎರಡೂ ಸರಿಯಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಎಡಿಸನ್ನನ ಕಾಲಕ್ಕೇ ಆ ಮಾತು ಎಂಜಿನಿಯರುಗಳ ಬಾಯಲ್ಲಿತ್ತು; ಅದಕ್ಕಾಗಿಯೇ ಆ ಬರಹ ವಿನೋದವಾಯಿತು. ಗ್ರೇಸ್ ಆ ಕಥೆಯನ್ನು ಜೀವನಪರ್ಯಂತ ರಸವತ್ತಾಗಿ ಹೇಳಿ ಪ್ರಸಿದ್ಧಿಗೆ ತಂದರು. ಅವರು ನಿಜವಾಗಿ ಬೆನ್ನಟ್ಟಿದ ಹುಳುಗಳಾದರೋ ಚಿಮಟದಿಂದ ಎತ್ತಿ ಅಂಟಿಸುವಂತಹವಲ್ಲ.

ಅಂತಹ ಒಂದು ಹುಳು ಅವರ ಸ್ವಂತ ಬ್ಯಾಂಕಿನ ಲೆಕ್ಕದಲ್ಲಿಯೇ ಹೊಕ್ಕಿತ್ತು. 1949ರಲ್ಲಿ ಅವರು ಫಿಲಡೆಲ್ಫಿಯದ ಎಕರ್ಟ್–ಮಾಕ್ಲಿ ಕಂಪನಿಗೆ ಸೇರಿದರು. ಅಲ್ಲಿಯ ಬೈನಾಕ್ ಯಂತ್ರದ ಆಜ್ಞೆಗಳನ್ನು ಎಂಟರ ಪದ್ಧತಿಯ ಸಂಖ್ಯೆಗಳಲ್ಲಿ ಬರೆಯಬೇಕಾಗಿತ್ತು. ನಮ್ಮ ರೂಢಿಯ ಲೆಕ್ಕದಲ್ಲಿ ಪಕ್ಕದ ಮನೆಯಿಂದ ಸಾಲ ತಂದರೆ ಹತ್ತು ಸಿಗುತ್ತದೆ. ಎಂಟರ ಪದ್ಧತಿಯಲ್ಲಿ ಎಂಟೇ ಸಿಗುತ್ತದೆ. 52ರಲ್ಲಿ 17ನ್ನು ಕಳೆದರೆ ನಮಗೆ ಬರುವ ಉತ್ತರ 35. ಅವೇ ಅಂಕೆಗಳನ್ನು ಎಂಟರ ಪದ್ಧತಿಯಲ್ಲಿ ಕಳೆದರೆ ಬರುವುದು 33. ಗ್ರೇಸ್ ಈ ಪದ್ಧತಿಯಲ್ಲಿ ಎಷ್ಟು ಪಳಗಿದರೆಂದರೆ, ತಿಂಗಳ ಕೊನೆಯಲ್ಲಿ ಅವರ ಚೆಕ್ ಪುಸ್ತಕದ ಶಿಲ್ಕು ಬ್ಯಾಂಕಿನ ಶಿಲ್ಕಿಗೆ ಹೊಂದಲೇ ಇಲ್ಲ. ಗಣಿತದಲ್ಲಿ ಡಾಕ್ಟರೇಟ್ ಪಡೆದ ಅವರಿಗೆ ತಪ್ಪು ಸಿಗಲಿಲ್ಲ. ಕೊನೆಗೆ ಬ್ಯಾಂಕಿನ ಕೆಲಸದಲ್ಲಿದ್ದ ತಮ್ಮನೇ ಹಲವು ಸಂಜೆ ಕುಳಿತು ಕಂಡುಹಿಡಿದನು: ಅಕ್ಕ ನಡುನಡುವೆ ಎಂಟರ ಪದ್ಧತಿಯಲ್ಲಿ ಕಳೆದಿದ್ದರು. ಅಂಕೆಗಳೆಲ್ಲ ಸರಿಯಾಗಿದ್ದುವು; ಬರೆದ ಕೈ ಒಂದು ಪದ್ಧತಿಯದು, ಓದುವ ಕಣ್ಣು ಇನ್ನೊಂದು ಪದ್ಧತಿಯದು.

ನಗುವಂತಹ ಈ ಪ್ರಸಂಗದಿಂದ ಗ್ರೇಸ್ ಗಂಭೀರವಾದ ಪ್ರಶ್ನೆಯೊಂದನ್ನು ಎತ್ತಿಕೊಂಡರು. ಮನುಷ್ಯನು ಯಂತ್ರದ ಪದ್ಧತಿಯನ್ನು ಏಕೆ ಕಲಿಯಬೇಕು? ಯಂತ್ರವೇ ಮನುಷ್ಯನ ಪದ್ಧತಿಯನ್ನು ಕಲಿಯಬಾರದೇಕೆ?

ಆಗಿನ ಪ್ರೋಗ್ರಾಮುಗಳ ರಚನೆಯನ್ನು ಅರಿತರೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ. ವರ್ಗಮೂಲ ತೆಗೆಯುವುದು, ಘಾತ ಕಂಡುಹಿಡಿಯುವುದು ಮುಂತಾದ ಕೆಲಸಗಳು ಎಲ್ಲ ಲೆಕ್ಕಗಳಲ್ಲಿಯೂ ಮತ್ತೆ ಮತ್ತೆ ಬರುತ್ತವೆ. ಇಂತಹ ಒಂದೊಂದು ಕೆಲಸಕ್ಕೂ ಬರೆದಿಟ್ಟ ಆಜ್ಞೆಗಳ ಕಟ್ಟಿಗೆ ಸಬ್‌ರೂಟೀನ್ ಎಂದು ಹೆಸರು. ಅದಕ್ಕೆ ಒಪ್ಪಿಸುವ ಸಂಖ್ಯೆಗಳಿಗೆ ಆರ್ಗ್ಯುಮೆಂಟ್ ಎನ್ನುತ್ತಾರೆ. ಘಾತದ ಸಬ್‌ರೂಟೀನಿಗೆ 2 ಮತ್ತು 3 ಎಂಬ ಆರ್ಗ್ಯುಮೆಂಟುಗಳನ್ನು ಒಪ್ಪಿಸಿದರೆ, ಎರಡರ ಮೂರನೆಯ ಘಾತವಾದ 8ನ್ನು ಅದು ಹಿಂದಿರುಗಿಸಬೇಕು. ಒಪ್ಪಿಸುವವನು ಮೊದಲು ಆಧಾರಸಂಖ್ಯೆ, ಆಮೇಲೆ ಘಾತ ಎಂದು ಇಟ್ಟು, ಪಡೆಯುವವನು ಅದನ್ನು ತಿರುಗಿಸಿ ಓದಿದರೆ, ಬರುವುದು ಮೂರರ ವರ್ಗವಾದ 9. ಯಂತ್ರ ನಿಲ್ಲುವುದಿಲ್ಲ, ಎಚ್ಚರಿಸುವುದಿಲ್ಲ. ತಪ್ಪು ಉತ್ತರವನ್ನು ಸರಿಯುತ್ತರದಷ್ಟೇ ಧೈರ್ಯವಾಗಿ ಅಚ್ಚು ಹಾಕುತ್ತದೆ.

ಹಾರ್ವರ್ಡಿನಲ್ಲಿ ಗ್ರೇಸ್ ಮತ್ತು ಜೊತೆಗಾರರು ಇಂತಹ ಸಬ್‌ರೂಟೀನುಗಳನ್ನು ತಮ್ಮ ತಮ್ಮ ನೋಟುಪುಸ್ತಕಗಳಲ್ಲಿ ಬರೆದಿಟ್ಟುಕೊಂಡಿದ್ದರು. ಬೇಕಾದಾಗ ಒಬ್ಬರ ಪುಸ್ತಕದಿಂದ ಇನ್ನೊಬ್ಬರು ನಕಲು ಮಾಡಿಕೊಳ್ಳುತ್ತಿದ್ದರು. ಫಿಲಡೆಲ್ಫಿಯದಲ್ಲಿಯೂ ಹಾಗೆಯೇ. ಪ್ರತಿಯೊಂದು ಸಬ್‌ರೂಟೀನೂ ಸೊನ್ನೆಯ ಸಾಲಿನಿಂದ ಆರಂಭವಾಗುವಂತೆ ಬರೆದಿರುತ್ತಿತ್ತು. ಅದನ್ನು ಹೊಸ ಪ್ರೋಗ್ರಾಮಿನ 300ನೆಯ ಸಾಲಿಗೆ ಸೇರಿಸುವಾಗ ಒಳಗಿನ ಪ್ರತಿಯೊಂದು ವಿಳಾಸಕ್ಕೂ 300 ಕೂಡಿಸಬೇಕು. 12 ಎಂದಿದ್ದುದು 312 ಆಗಬೇಕು. ಸಾವಿರ ಸಾಲು ಬರೆದ ದಣಿದ ಕೈ ಎಲ್ಲಿಯೋ ಒಂದು ಕಡೆ 302 ಎಂದು ಬರೆಯುವುದು ಸಹಜ. ಅವಸರದಲ್ಲಿ ಬರೆದ ತ್ರಿಕೋನದ ಚಿಹ್ನೆ ನಕಲಿನಲ್ಲಿ 4 ಆಗುತ್ತಿತ್ತು, ಇಂಗ್ಲಿಷಿನ ಬಿ ಅಕ್ಷರ 13 ಆಗುತ್ತಿತ್ತು. ಪ್ರೋಗ್ರಾಮು ಬರೆಯುವವರಿಗೆ ಕೂಡಿಸಲೂ ಬಾರದು, ನಕಲು ಮಾಡಲೂ ಬಾರದು ಎಂಬ ತೀರ್ಮಾನಕ್ಕೆ ಗ್ರೇಸ್ ಬಂದರು. ತಮ್ಮನ್ನು ಆ ಮಾತಿನಿಂದ ಹೊರಗಿಡಲಿಲ್ಲ. ಕೂಡಿಸುವುದು, ನಕಲು ಮಾಡುವುದು ಎರಡನ್ನೂ ಬೇಸರವಿಲ್ಲದೆ ಮಾಡುವ ಯಂತ್ರ ಎದುರಿಗೇ ನಿಂತಿತ್ತು.

1951ರ ಕೊನೆಯಿಂದ 1952ರ ಮೇ ತಿಂಗಳವರೆಗೆ ದುಡಿದು ಗ್ರೇಸ್ ಯೂನಿವಾಕ್ ಯಂತ್ರಕ್ಕಾಗಿ ಎ–0 ಎಂಬ ವ್ಯವಸ್ಥೆಯನ್ನು ರಚಿಸಿದರು. ಸಬ್‌ರೂಟೀನುಗಳನ್ನೆಲ್ಲ ಕಾಂತೀಯ ಪಟ್ಟಿಯ ಮೇಲೆ ಗ್ರಂಥಾಲಯದ ಪುಸ್ತಕಗಳಂತೆ ಸಂಗ್ರಹಿಸಿ, ಒಂದೊಂದಕ್ಕೂ ಒಂದು ಕರೆಸಂಖ್ಯೆ ಕೊಟ್ಟರು. ಬಳಸುವವರು ಕರೆಸಂಖ್ಯೆಯನ್ನೂ, ಆರ್ಗ್ಯುಮೆಂಟುಗಳು ಎಲ್ಲಿವೆ, ಉತ್ತರವನ್ನು ಎಲ್ಲಿ ಇಡಬೇಕು ಎಂಬುದನ್ನೂ ಬರೆದರೆ ಸಾಕು. ಪಟ್ಟಿಯಿಂದ ಸಬ್‌ರೂಟೀನನ್ನು ಹುಡುಕಿ ತರುವುದು, ವಿಳಾಸಗಳನ್ನು ಕೂಡಿಸಿ ಸರಿಪಡಿಸುವುದು, ಒಂದರ ಕೈಯಿಂದ ಇನ್ನೊಂದರ ಕೈಗೆ ಸಂಖ್ಯೆಗಳನ್ನು ತಪ್ಪದೆ ದಾಟಿಸುವುದು, ಎಲ್ಲವೂ ಯಂತ್ರದ ಪಾಲಿಗೆ ಬಂದುವು. ಬಿಡಿ ಭಾಗಗಳನ್ನು ಕೂಡಿಹಾಕಿ ಒಂದು ಪ್ರೋಗ್ರಾಮನ್ನು ಸಂಕಲಿಸುವುದರಿಂದ ಅದಕ್ಕೆ ಕಂಪೈಲರ್ ಎಂದು ಹೆಸರಿಟ್ಟರು.

ಇದನ್ನು ರಚಿಸುವಾಗ ಒಂದು ತೊಡಕು ಎದುರಾಯಿತು. ಮೊದಲ ಭಾಗದಿಂದ ಮುಂದಿನ ಯಾವುದೋ ಭಾಗಕ್ಕೆ ನೆಗೆಯಬೇಕು, ಆದರೆ ಆ ಭಾಗ ಇನ್ನೂ ಯಂತ್ರದ ನೆನಪಿನೊಳಗೆ ಬಂದೇ ಇಲ್ಲ. ಅದು ಎಲ್ಲಿ ಕುಳಿತುಕೊಳ್ಳುವುದೆಂದು ತಿಳಿಯದೆ ಎಲ್ಲಿಗೆ ನೆಗೆಯುವುದು? ಗ್ರೇಸರಿಗೆ ಕಾಲೇಜಿನಲ್ಲಿ ತಾವು ಆಡುತ್ತಿದ್ದ ಬ್ಯಾಸ್ಕೆಟ್‌ಬಾಲ್ ನೆನಪಾಯಿತು. ಜೊತೆಯ ಆಟಗಾರ್ತಿ ಇನ್ನೂ ಬಂದು ತಲಪದ ಜಾಗಕ್ಕೆ ಚೆಂಡನ್ನು ಮುಂದಾಗಿಯೇ ಎಸೆಯುವುದುಂಟು. ಆಕೆ ಓಡಿ ಬಂದು ಅದನ್ನು ಹಿಡಿಯುತ್ತಾಳೆ. ಗ್ರೇಸ್ ನೆನಪಿನ ಕೊನೆಯಲ್ಲಿ ಒಂದು ಮೂಲೆಯನ್ನು ಖಾಲಿ ಬಿಟ್ಟರು. ಮೊದಲ ಭಾಗ ಆ ಮೂಲೆಗೆ ನೆಗೆಯುತ್ತದೆ, ಮುಂದಿನ ಭಾಗಕ್ಕೆ ಒಂದು ಸಂದೇಶವನ್ನು ಬಿಟ್ಟಿರುತ್ತದೆ. ಆ ಭಾಗ ಬಂದು ತನ್ನ ಸ್ಥಾನದಲ್ಲಿ ಕುಳಿತಾಗ, ತನ್ನ ಹೆಸರಿಗೆ ಸಂದೇಶವಿದೆಯೇ ಎಂದು ನೋಡಿ, ಇದ್ದರೆ ಮೂಲೆಯಿಂದ ತನ್ನೆಡೆಗೆ ದಾರಿ ಹಾಕಿಸಿಕೊಳ್ಳುತ್ತದೆ. ಆಟದ ಬಯಲಿನಿಂದ ಬಂದ ಈ ಉಪಾಯಕ್ಕಿಂತ ಸರಳವಾದುದನ್ನು ಕಲ್ಪಿಸುವುದು ಕಷ್ಟ.

ಕಂಪೈಲರ್ ಸಿದ್ಧವಾಗಿ ಕೆಲಸ ಮಾಡುತ್ತಿದ್ದರೂ ಬಹಳ ಮಂದಿ ಅದನ್ನು ಮುಟ್ಟಲಿಲ್ಲ. ಗಣಕ ಲೆಕ್ಕ ಮಾತ್ರ ಮಾಡಬಲ್ಲದು, ಪ್ರೋಗ್ರಾಮು ಬರೆಯಲಾರದು ಎಂದು ತಿಳಿದವರೇ ವಾದಿಸಿದರು. ಕಣ್ಣ ಮುಂದೆ ಓಡುತ್ತಿರುವುದನ್ನು ಸಾಧ್ಯವಿಲ್ಲವೆಂದು ವಾದಿಸುವವರಿಗೆ ಉತ್ತರ ಕೊಡುವುದು ಸುಲಭವಲ್ಲ. ಗ್ರೇಸ್ ವಾದಕ್ಕೆ ಹೆಚ್ಚು ಕಾಲ ಕಳೆಯದೆ ಮುಂದಿನ ಕಂಪೈಲರುಗಳನ್ನು ಬರೆದರು.

ಅದೇ ಕಾಲದಲ್ಲಿ ಇನ್ನೊಂದು ಮಾರ್ಗವೂ ಬಳಕೆಯಲ್ಲಿತ್ತು. ಅವರ ಕಂಪನಿಯ ಜಾನ್ ಮಾಕ್ಲಿಯ ಸೂಚನೆಯಂತೆ ರಚಿತವಾದ ಶಾರ್ಟ್ ಕೋಡ್ ಎಂಬ ವ್ಯವಸ್ಥೆ ಆ ಮಾರ್ಗದ್ದು. ಅದಕ್ಕೆ ಇಂಟರ್‌ಪ್ರಿಟರ್, ಎಂದರೆ ದುಭಾಷಿ, ಎನ್ನುತ್ತಾರೆ. ಎರಡು ಮಾರ್ಗಗಳ ಅಂತರವನ್ನು ನಮ್ಮ ನಾಡಿನ ಒಂದು ನಿದರ್ಶನದಿಂದ ತಿಳಿಯಬಹುದು. ಕಲಬುರಗಿ ಸೀಮೆ 1948ರವರೆಗೆ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿತ್ತು. ಆಡಳಿತದ ಭಾಷೆ ಉರ್ದು. ಕಲಬುರಗಿಯ ಸಮೀಪದ ನಂದೂರಿನಲ್ಲಿ ಕನ್ನಡವನ್ನಷ್ಟೇ ಬಲ್ಲ ಒಬ್ಬ ರೈತನ ಕೈಗೆ, ಮಾಡಬೇಕಾದ ಕೆಲಸಗಳನ್ನು ಸಾಲುಸಾಲಾಗಿ ಬರೆದ ಉರ್ದು ಕಾಗದವೊಂದು ಬಂದಿತೆಂದು ಭಾವಿಸಬಹುದು. ಆತ ದುಭಾಷಿಯೊಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದು ಸಾಲು ಕೇಳಿ ಒಂದು ಕೆಲಸ ಮಾಡಿ, ಇನ್ನೊಂದು ಸಾಲು ಕೇಳಿ ಇನ್ನೊಂದು ಕೆಲಸ ಮಾಡಬಹುದು. ಇದು ಇಂಟರ್‌ಪ್ರಿಟರಿನ ರೀತಿ. ಮರುವರ್ಷ ಅದೇ ಕೆಲಸ ಬಂದರೆ ದುಭಾಷಿ ಮತ್ತೆ ಬರಬೇಕು. ಅದಕ್ಕೆ ಬದಲಾಗಿ ಇಡೀ ಕಾಗದವನ್ನು ಒಮ್ಮೆಗೇ ಕನ್ನಡಕ್ಕೆ ತಿರುಗಿಸಿ ಬರೆಸಿಕೊಳ್ಳಬಹುದು. ಇದು ಕಂಪೈಲರಿನ ರೀತಿ. ಬರೆಸುವ ತನಕ ಕಾಯಬೇಕು. ಬರೆಸಿದ ಮೇಲೆ ಯಾರ ಹಂಗೂ ಇಲ್ಲದೆ ಕೆಲಸ ವೇಗವಾಗಿ ಸಾಗುತ್ತದೆ.

ಇಂದಿನ ಗಣಕಗಳಲ್ಲಿ ಎರಡು ರೀತಿಗಳೂ ಒಟ್ಟಿಗೆ ದುಡಿಯುತ್ತವೆ. ಪೈಥಾನ್ ಭಾಷೆಯಲ್ಲಿ ಬರೆದ ಪ್ರೋಗ್ರಾಮನ್ನು ದುಭಾಷಿ ಸಾಲುಸಾಲಾಗಿ ನಡೆಸುತ್ತದೆ. ದೊಡ್ಡ ಲೆಕ್ಕ ಬಂದಾಗ, ಸಿ ಅಥವಾ ಫೋರ್ಟ್ರಾನ್ ಭಾಷೆಯಲ್ಲಿ ಬರೆದು ಮೊದಲೇ ಕಂಪೈಲ್ ಮಾಡಿಟ್ಟ ಸಬ್‌ರೂಟೀನಿಗೆ ಸಂಖ್ಯೆಗಳನ್ನು ಒಪ್ಪಿಸಿ ಉತ್ತರ ಕಾಯುತ್ತದೆ. ಹಳೆಯ ಹುಳು ಈ ಬಾಗಿಲಲ್ಲಿಯೇ ಗೂಡು ಕಟ್ಟುತ್ತದೆ. ನಂದೂರಿನ ದುಭಾಷಿ ಉರ್ದು ಕಾಗದ ಓದುತ್ತ ಓದುತ್ತ, ಮುಂದಿನ ಕೆಲಸ ಆ ಕನ್ನಡ ಕಾಗದದಲ್ಲಿದೆ, ಹೊಲದ ಅಳತೆ 3, 20 ಎಂದು ಹೇಳಿ ಸುಮ್ಮನಾದನೆನ್ನೋಣ. ಅವನ ಮನಸ್ಸಿನಲ್ಲಿರುವುದು ಮೂರು ಎಕರೆ ಇಪ್ಪತ್ತು ಗುಂಟೆ. ಕನ್ನಡ ಕಾಗದ ಬರೆದವನು ಮೊದಲು ಗುಂಟೆ, ಆಮೇಲೆ ಎಕರೆ ಎಂದು ಓದುವ ರೂಢಿಯವನಾದರೆ ಹೊಲ ಇಪ್ಪತ್ತು ಎಕರೆ ಮೂರು ಗುಂಟೆಯಾಗಿ ಬೆಳೆಯುತ್ತದೆ! ಮೂರೂವರೆ ಎಕರೆಯ ರೈತ ಇಪ್ಪತ್ತು ಎಕರೆಯ ಕಂದಾಯಕ್ಕೆ ತಲೆಗೊಡಬೇಕು. ಉರ್ದು ಕಾಗದವನ್ನು ಪರೀಕ್ಷಿಸಿದರೆ ಅದರಲ್ಲಿ ತಪ್ಪಿಲ್ಲ. ಕನ್ನಡ ಕಾಗದದಲ್ಲಿಯೂ ತಪ್ಪಿಲ್ಲ. ಒಂದೊಂದನ್ನೇ ಬೇರೆಯಾಗಿ ನೋಡುವವನಿಗೆ ಈ ದೋಷ ಎಂದಿಗೂ ಕಾಣುವುದಿಲ್ಲ.

ಇದು ಬರಿಯ ಊಹೆಯ ಮಾತಲ್ಲ. 1999ರ ಸೆಪ್ಟೆಂಬರ್ 23ರಂದು ಅಮೆರಿಕದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಂಬ ನೌಕೆ ಮಂಗಳ ಗ್ರಹಕ್ಕೆ ತೀರ ಸಮೀಪವಾಗಿ ಹಾದು ನಾಶವಾಯಿತು. ಭೂಮಿಯಲ್ಲಿದ್ದ ಒಂದು ಪ್ರೋಗ್ರಾಮು ನೌಕೆಯ ಎಂಜಿನುಗಳ ತಳ್ಳುವಿಕೆಯನ್ನು ಪೌಂಡಿನ ಮಾನದಲ್ಲಿ ಲೆಕ್ಕಹಾಕಿ ಕೊಟ್ಟಿತ್ತು. ಅದನ್ನು ಪಡೆದ ಇನ್ನೊಂದು ಪ್ರೋಗ್ರಾಮು ನ್ಯೂಟನ್ ಮಾನವೆಂದು ತಿಳಿಯಿತು. ಒಂದು ಪೌಂಡಿನ ಬಲ ಸುಮಾರು ನಾಲ್ಕೂವರೆ ನ್ಯೂಟನ್ನಿಗೆ ಸಮ. ಚೆಕ್ ಪುಸ್ತಕದಲ್ಲಿ ಕೆಲವು ಡಾಲರುಗಳ ವ್ಯತ್ಯಾಸ ಮಾಡಿದ ಹುಳುವಿನ ಬಳಗವೇ ಇದು.

ಗ್ರೇಸ್ ಹಾಪರ್ ತಮ್ಮ ಮುಂದಿನ ಬಾಳನ್ನು ಇಂತಹ ಬಾಗಿಲುಗಳ ಕಾವಲಿಗೇ ಕೊಟ್ಟರು. ಮನುಷ್ಯ ಮತ್ತು ಯಂತ್ರದ ನಡುವಣ ಬಾಗಿಲು ಎಲ್ಲಕ್ಕಿಂತ ದೊಡ್ಡದು. ವ್ಯಾಪಾರಿಗಳೂ ಗುಮಾಸ್ತರೂ ಗಣಿತದ ಚಿಹ್ನೆಗಳಿಗೆ ಹೆದರುತ್ತಾರೆ. ಅವರಿಗೆ ತಮ್ಮ ನುಡಿಯಲ್ಲಿಯೇ ಆಜ್ಞೆ ಬರೆಯುವ ಸೌಕರ್ಯ ಬೇಕೆಂದು ಅವರು ವಾದಿಸಿದರು. 1955ರ ಸುಮಾರಿನಲ್ಲಿ ಇಂಗ್ಲಿಷ್ ಮಾತುಗಳಿಂದಲೇ ನಡೆಯುವ ಪುಟ್ಟ ಪ್ರೋಗ್ರಾಮನ್ನು ಮೇಲಧಿಕಾರಿಗಳಿಗೆ ತೋರಿಸಿದರು. ಯಂತ್ರಕ್ಕೆ ಮಾತೆಂಬುದು ಬರಿಯ ಗುರುತು. ಆ ಗುರುತು ಯಾವ ಭಾಷೆಯದಾದರೂ ಸರಿ. ಇದನ್ನು ಮನಗಾಣಿಸಲು ಅದೇ ಪ್ರೋಗ್ರಾಮನ್ನು ಫ್ರೆಂಚ್ ಮಾತುಗಳಲ್ಲಿಯೂ ಜರ್ಮನ್ ಮಾತುಗಳಲ್ಲಿಯೂ ನಡೆಸಿದರು. ಅಧಿಕಾರಿಗಳು ಬೆಚ್ಚಿದರು. ಫಿಲಡೆಲ್ಫಿಯದಲ್ಲಿ ತಯಾರಾದ ಅಮೆರಿಕದ ಯಂತ್ರಕ್ಕೆ ಪರದೇಶದ ಭಾಷೆ ತಿಳಿಯುವುದೆಂತು! ಇಂಗ್ಲಿಷ್ ಒಂದನ್ನೇ ಬಳಸುವೆವೆಂದು ಮಾತು ಕೊಟ್ಟ ಮೇಲೆಯೇ ಕೆಲಸ ಮುಂದುವರಿಯಿತು. ಆ ಅಧಿಕಾರಿಗಳು ಹೆದರದಿದ್ದಿದ್ದರೆ ಕನ್ನಡದ ಮಾತುಗಳಿಗೂ ಆ ಯಂತ್ರ ಅಷ್ಟೇ ನಿಷ್ಠೆಯಿಂದ ಓಗೊಡುತ್ತಿತ್ತು.

ಆ ಕೆಲಸದ ಫಲವೇ ಫ್ಲೋ–ಮ್ಯಾಟಿಕ್ ಎಂಬ ಭಾಷೆ. ಅದನ್ನು ಬಹುಮಟ್ಟಿಗೆ ಆಧಾರವಾಗಿಟ್ಟುಕೊಂಡು, 1959ರಲ್ಲಿ ಸರಕಾರ ಮತ್ತು ಹಲವು ಕಂಪನಿಗಳ ಪ್ರತಿನಿಧಿಗಳು ಸೇರಿ ಕೋಬಾಲ್ ಭಾಷೆಯನ್ನು ರೂಪಿಸತೊಡಗಿದರು. ಗ್ರೇಸ್ ಅವರಿಗೆ ಸಲಹೆಗಾರರಾಗಿದ್ದರು. 1960ರ ಡಿಸೆಂಬರಿನಲ್ಲಿ ಒಂದೇ ಕೋಬಾಲ್ ಪ್ರೋಗ್ರಾಮನ್ನು, ಅಲ್ಪಸ್ವಲ್ಪ ಬದಲಾವಣೆಯೊಂದಿಗೆ, ಎರಡು ಬೇರೆ ಬೇರೆ ಕಂಪನಿಗಳ ಗಣಕಗಳಲ್ಲಿ ನಡೆಸಿ ತೋರಿಸಲಾಯಿತು. ಬ್ಯಾಂಕುಗಳ ಮತ್ತು ಸರಕಾರಿ ಕಚೇರಿಗಳ ಲೆಕ್ಕಪತ್ರಗಳು ಮುಂದೆ ದಶಕಗಳ ಕಾಲ ಈ ಭಾಷೆಯ ಮೇಲೆ ನಿಂತುವು.

1966ರಲ್ಲಿ ವಯಸ್ಸಾಯಿತೆಂದು ನೌಕಾದಳ ಅವರಿಗೆ ನಿವೃತ್ತಿ ಕೊಟ್ಟಿತು. ಅವರಿಗೆ ಅದು ಬಹು ದುಃಖದ ದಿನ. ಆದರೆ ಏಳೇ ತಿಂಗಳಲ್ಲಿ ಅದೇ ನೌಕಾದಳ ಅವರನ್ನು ಮರಳಿ ಕರೆಯಿತು. ಬೇರೆ ಬೇರೆ ಕಂಪನಿಗಳ ಕೋಬಾಲ್ ಕಂಪೈಲರುಗಳು ಒಂದೇ ಪ್ರೋಗ್ರಾಮಿಗೆ ಬೇರೆ ಬೇರೆ ಅರ್ಥ ಮಾಡುತ್ತಿದ್ದುವು. ಆ ಗೊಂದಲವನ್ನು ನಿವಾರಿಸಬೇಕಾಗಿತ್ತು. ಆರು ತಿಂಗಳ ಮಟ್ಟಿಗೆಂದು ಕರೆದವರು ಹತ್ತೊಂಬತ್ತು ವರ್ಷ ಬಿಡಲಿಲ್ಲ. ಕಂಪೈಲರುಗಳನ್ನು ಒರೆಗೆ ಹಚ್ಚಿ ನೋಡುವ ಪರೀಕ್ಷಾ ಪ್ರೋಗ್ರಾಮುಗಳನ್ನು ಗ್ರೇಸ್ ಮತ್ತು ಅವರ ತಂಡದವರು ಸಿದ್ಧಪಡಿಸಿದರು. ಮಾರುವವನು ತನ್ನದು ಸರಿಯೆಂದರೆ ಸಾಲದು, ಪರೀಕ್ಷೆಯಲ್ಲಿ ಅದು ತೇರ್ಗಡೆಯಾಗಬೇಕು.

ಈ ವರ್ಷಗಳಲ್ಲಿ ಅವರು ಊರೂರು ಸುತ್ತಿ ತರುಣರಿಗೆ ಉಪನ್ಯಾಸ ಕೊಟ್ಟರು. ಕೈಯಲ್ಲಿ ಯಾವಾಗಲೂ ತಂತಿಯ ತುಣುಕುಗಳ ಕಟ್ಟು. ಒಂದೊಂದು ತುಣುಕೂ ಹನ್ನೆರಡು ಅಂಗುಲಕ್ಕೆ ತುಸು ಕಡಿಮೆ. ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗವಾದ ನ್ಯಾನೋಸೆಕೆಂಡಿನಲ್ಲಿ ವಿದ್ಯುತ್ ಸಂಕೇತ ಅದಕ್ಕಿಂತ ದೂರ ಹೋಗಲಾರದೆಂದು ವಿವರಿಸಿ, ಕೇಳುಗರಿಗೆ ಒಂದೊಂದನ್ನು ಹಂಚುತ್ತಿದ್ದರು. ಮೈಕ್ರೋಸೆಕೆಂಡಿನ ಅಳತೆಯೆಂದು ಸುಮಾರು 984 ಅಡಿಯ ಸುರುಳಿಯನ್ನೂ ಹೊತ್ತು ತಂದು ತೋರಿಸುತ್ತಿದ್ದರು. ಕಾಲವನ್ನು ಪೋಲು ಮಾಡುವ ಪ್ರೋಗ್ರಾಮುಗಾರರು ಅದನ್ನು ಕೊರಳಿಗೆ ಹಾಕಿಕೊಳ್ಳಬೇಕೆಂಬುದು ಅವರ ವಿನೋದ. ಅವರ ಕೋಣೆಯ ಗೋಡೆಯಲ್ಲಿದ್ದ ಗಡಿಯಾರ ಎಡಕ್ಕೆ ತಿರುಗುತ್ತಿತ್ತು. ಅಭ್ಯಾಸವಾದರೆ ಅದರಲ್ಲಿಯೂ ಸರಿಯಾದ ಹೊತ್ತನ್ನೇ ಓದಬಹುದು. ಎಂದಿನಿಂದ ಬಂದ ರೀತಿಯೇ ಸರಿ ಎನ್ನುವವರಿಗೆ ಅವರು ಅದರ ಕಡೆ ಬೆರಳು ಮಾಡುತ್ತಿದ್ದರು.

1985ರಲ್ಲಿ ಗ್ರೇಸ್ ರಿಯರ್ ಅಡ್ಮಿರಲ್ ಪದವಿಗೇರಿದರು. 1986ರ ಆಗಸ್ಟ್‌ನಲ್ಲಿ, ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಬಾಸ್ಟನ್ ಬಂದರಿನಲ್ಲಿ ನಿಂತ ಕಾನ್‌ಸ್ಟಿಟ್ಯೂಷನ್ ಎಂಬ ಹಳೆಯ ಯುದ್ಧನೌಕೆಯ ಮೇಲೆ ಅವರ ನಿವೃತ್ತಿಯ ಸಮಾರಂಭ ನಡೆಯಿತು. ಅನಂತರವೂ ಒಂದು ಗಣಕ ಕಂಪನಿಗೆ ಸಲಹೆಗಾರರಾಗಿ ದುಡಿದರು. 1992ರ ಜನವರಿ 1ರಂದು ತೀರಿಕೊಂಡ ಅವರನ್ನು ಆರ್ಲಿಂಗ್ಟನ್ನಿನ ಸೈನಿಕರ ರುದ್ರಭೂಮಿಯಲ್ಲಿ ಮಣ್ಣುಮಾಡಲಾಯಿತು. 1997ರಲ್ಲಿ ಅವರ ಹೆಸರಿನ ಯುದ್ಧನೌಕೆ ಸೇವೆಗೆ ಸೇರಿತು. 2016ರಲ್ಲಿ ಅಮೆರಿಕದ ಅಧ್ಯಕ್ಷರ ಸ್ವಾತಂತ್ರ್ಯ ಪದಕ ಮರಣೋತ್ತರವಾಗಿ ಅವರಿಗೆ ಸಂದಿತು. ಅವರು ಹಂಚುತ್ತಿದ್ದ ತಂತಿಯ ತುಣುಕುಗಳ ಒಂದು ಕಟ್ಟು ಸ್ಮಿತ್‌ಸೋನಿಯನ್ ಸಂಸ್ಥೆಯ ಅಮೆರಿಕ ಇತಿಹಾಸದ ವಸ್ತುಸಂಗ್ರಹಾಲಯದಲ್ಲಿದೆ. ಪತಂಗವನ್ನು ಅಂಟಿಸಿದ ಹಾರ್ವರ್ಡಿನ ದಿನಚರಿ ಪುಸ್ತಕವನ್ನೂ ಅಲ್ಲಿಯೇ ಕಾಪಾಡಿದ್ದಾರೆ.